ಉಳ್ಳಾಗಡ್ಡಿಯ ಕೋಶದಲ್ಲಿ ಹಸಿರಿರಲಿಲ್ಲ

ಮೇಲ್ಕಾರವಾರ,
ಎರಡನೇ ಬೇಸಿಗೆಯ ನಲವತ್ತೊಂದನೇ ದಿನ, 2183

ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡುವ ಗುರುಗಳಿಗೆ ನಮಸ್ಕಾರ.

ಮೇಲಿನ ತಾರೀಖು ನೋಡಿ ಇದು ಯಾರೋ ಮಾಡಿದ ತಮಾಷೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಸಮುದ್ರ ಮೇಲೇರಿದಾಗ ಘಟ್ಟ ಹತ್ತಿ ಬಂದವರು ಕಟ್ಟಿಕೊಂಡ ಊರು ಇದು, ಆದ್ದರಿಂದ ಮೇಲ್ಕಾರವಾರ. ಎಪ್ಪತ್ತು ತುಂಬಿದವರಿಗೆ ಕಳೆದ ಕಾಲಕ್ಕೆ ಒಂದೇ ಒಂದು ಪತ್ರ ಬರೆಯಲು ಅನುಮತಿಯಿದೆ; ಅದನ್ನು ಹಿಂದಂಚೆ ಎನ್ನುತ್ತೇವೆ. ಇದುವರೆಗೆ ಯಾರಿಗೂ ಉತ್ತರ ಬಂದದ್ದಿಲ್ಲ. ಹೆಚ್ಚಿನವರು ತೀರಿಹೋದ ಅಜ್ಜ ಅಜ್ಜಿಯರಿಗೆ ಬರೆಯುತ್ತಾರೆ. ನಾನು ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ.

ನಾನು ಮೂವತ್ತೆಂಟು ವರ್ಷ ವಿಜ್ಞಾನ ಕಲಿಸಿದೆ. ಕಲಿಸಿದೆ ಎನ್ನುವುದು ಹೆಚ್ಚಾಯಿತು. ನಮ್ಮ ತರಗತಿಗಳಲ್ಲಿ ಪಾಠಗನ್ನಡಿ ಎಂಬುದಿದೆ. ಅದನ್ನು ಹಚ್ಚಿದರೆ ಕೋಣೆಯ ತುಂಬ ಬೆಳಕಿನ ಒಂದು ಜೀವಕೋಶ ನಿಲ್ಲುತ್ತದೆ. ಮಕ್ಕಳು ಕೋಶಪೊರೆಯನ್ನು ದಾಟಿ ಒಳಗೆ ನಡೆದಾಡುತ್ತಾರೆ. ಕೋಶಕೇಂದ್ರ ನೇರಳೆ, ಮೈಟೋಕಾಂಡ್ರಿಯ ಕಿತ್ತಳೆ, ರಸದಾನಿ ತಿಳಿನೀಲಿ. ಪ್ರಾಣಿಕೋಶ ದುಂಡಗೆ, ಸಸ್ಯಕೋಶ ಚೌಕಾಗಿ, ಅದರ ತುಂಬ ಹಸಿರು ಕಣಗಳು. ಯಾವ ಗಿಡವಾದರೂ, ಯಾವ ಭಾಗವಾದರೂ ಅದೇ ಕೋಶ. ಕನ್ನಡಿಯನ್ನು ಹಚ್ಚುವುದು, ಆರಿಸುವುದು, ಗಲಾಟೆಯಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಕಾಗದಪತ್ರದಲ್ಲಿ ನಮ್ಮನ್ನು ಪಾಠದ ಜೊತೆಗಾರರು ಎಂದು ಬರೆಯುತ್ತಾರೆ. ಮಕ್ಕಳು ಮಾತ್ರ ಹಳೆಯ ರೂಢಿಯಂತೆ ಅಕ್ಕೋರ ಎಂದೇ ಕರೆಯುತ್ತಿದ್ದರು.

ಒಂದು ವರ್ಷ ಶೇವಂತಿ ಎಂಬ ಹುಡುಗಿ ನನ್ನ ತರಗತಿಗೆ ಬಂದಳು. ಊರಿನ ಊಟದಮನೆಯಲ್ಲಿ ರೊಟ್ಟಿ ಬಡಿಯುವ ಕಮಲವ್ವನ ಒಬ್ಬಳೇ ಮಗಳು. ಉಳಿದವರು ಬೆಳಕಿನ ಕೋಶದೊಳಗೆ ಓಡಾಡುತ್ತಿದ್ದರೆ ಅವಳು ಹೊರಗೆ ಕೈಕಟ್ಟಿ ನಿಂತಿದ್ದಳು.

"ಅಕ್ಕೋರ, ಈ ಕೋಶ ಯಾರ್ದ್ರಿ?" ಎಂದು ಕೇಳಿದಳು.

"ಯಾರದೂ ಅಲ್ಲ. ಪಾಠದ್ದು."

"ಹಂಗಾದ್ರ ಖರೇ ಕೋಶ ಹೆಂಗಿರ್ತತ್ರಿ? ನೀವ್ ನೋಡೀರೇನ್ರಿ?"

ಆ ಹೊತ್ತಿಗೆ ನಾನು ಆ ಪಾಠವನ್ನು ಹದಿನೈದು ಸಲ ಮುಗಿಸಿದ್ದೆ. ಒಂದು ಸಲವೂ ನೋಡಿರಲಿಲ್ಲ. ಹಾಗೆಂದು ಹೇಳಿದೆ. ಅವಳು ನಗಲಿಲ್ಲ, ಸುಮ್ಮನೆ ತಲೆಯಾಡಿಸಿದಳು. ಅದು ನನ್ನನ್ನು ಚುಚ್ಚಿತು.

ಶಾಲೆಯ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಹಿಂದೆ, ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಸೂಕ್ಷ್ಮದರ್ಶಕ, ಹತ್ತಿಪ್ಪತ್ತು ಗಾಜಿನ ಪಟ್ಟಿಗಳು. ಬಹುಶಃ ನಿಮ್ಮ ಕಾಲದ್ದೇ. ಶಾಲೆ ಬಿಟ್ಟ ಮೇಲೆ ಶೇವಂತಿಯನ್ನೂ ಇನ್ನು ಮೂವರನ್ನೂ ಉಳಿಸಿಕೊಂಡು ಅದನ್ನು ಕಿಟಕಿಯ ಬಿಸಿಲಿಗೆ ಇಟ್ಟೆ. ಶೇವಂತಿ ಮನೆಯ ಮಾಳಿಗೆಯ ಮೇಲೆ ಡಬ್ಬಿಯಲ್ಲಿ ಬೆಳೆದ ಉಳ್ಳಾಗಡ್ಡಿ ತಂದಿದ್ದಳು. ಅದರ ಒಳಪದರದಿಂದ ತೆಳ್ಳನೆಯ ಪೊರೆ ಎಬ್ಬಿಸಹೋಗಿ ಮೂರು ಸಲ ಹರಿದೆ. ನಾಲ್ಕನೆಯ ಸಲ ಅವಳೇ ಉಗುರಿನಿಂದ ಎಬ್ಬಿಸಿದಳು. ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿ, ಕೆಳಗಿನ ಪುಟ್ಟ ಕನ್ನಡಿಯನ್ನು ಬೆಳಕಿಗೆ ತಿರುಗಿಸಿದೆ.

ಇಟ್ಟಿಗೆ ಜೋಡಿಸಿದ ಗೋಡೆಯಂತೆ ಸಾಲು ಸಾಲು ಕೋಶಗಳು. ಪ್ರತಿಯೊಂದರಲ್ಲೂ ಒಂದು ಕಂದುಹಳದಿ ಚುಕ್ಕೆ, ಹೆಚ್ಚಿನವುಗಳಲ್ಲಿ ಒಂದು ಅಂಚಿಗೆ ಒತ್ತಿಕೊಂಡು ಕುಳಿತಿತ್ತು. ಉಳಿದಂತೆ ಬರಿದು. ಶೇವಂತಿ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಅಕ್ಕೋರ, ಹಸರ ಎಲ್ಲೈತ್ರಿ?"

ನಾನು ನೋಡಿದೆ. ಇರಲಿಲ್ಲ. ಆ ಕ್ಷಣದಲ್ಲಿ ನನಗೇ ಹೊಳೆಯಿತು. "ಎಲಿ ಬಿಸಲಾಗ ಅಡಗಿ ಮಾಡ್ತದ, ಅದಕ್ಕ ಹಸರ ಬೇಕು. ಇದು ಮಣ್ಣಾಗ ಕುಂತ ಬರೇ ಕೂಡಿಡೂದು. ಹಸರ ತಗೊಂಡ ಏನ್ ಮಾಡ್ಬೇಕು?"

ಆಮೇಲೆ ಬಿದಿರುಕಡ್ಡಿಯಿಂದ ಕೆನ್ನೆಯ ಒಳಗನ್ನು ಮೆಲ್ಲಗೆ ಕೆರೆದು ಅವಳದೇ ಕೋಶಗಳನ್ನು ತೋರಿಸಿದೆ. ಗೋಡೆಯಿಲ್ಲದ, ಅಂಚು ಮಡಚಿಕೊಂಡ, ಎಲ್ಲೆಂದರಲ್ಲಿ ಚೆಲ್ಲಿದ ಚೂರುಗಳು. "ಇವ್ ಎಲ್ಲಾ ಕೂಡಿ ನಾ ಆಗೇನೇನ್ರಿ?" ಎಂದಳು. ನನ್ನ ಜೀವಮಾನದಲ್ಲಿ ನಾನು ಮಾಡಿದ ಪಾಠ ಅದೊಂದೇ.

ನಮ್ಮಲ್ಲಿ ಒಂಬತ್ತರ ಕೊನೆಗೆ ಸೋಸುಪರೀಕ್ಷೆ ಇರುತ್ತದೆ. ಅದರಲ್ಲಿ ಪಾಸಾದವರು ಮುಂದೆ ಓದುತ್ತಾರೆ. ಉಳಿದವರನ್ನು ಉಪ್ಪುಬಯಲಿಗೆ, ಅಂದರೆ ಸಮುದ್ರ ನುಂಗಿ ಉಗುಳಿದ ನೆಲವನ್ನು ತೊಳೆಯುವ ಕೆಲಸಕ್ಕೆ ಕಳಿಸುತ್ತಾರೆ. ಎರಡನೆಯ ಅವಕಾಶವಿಲ್ಲ. ಉತ್ತರಗಳನ್ನು ಯಂತ್ರ ತಿದ್ದುತ್ತದೆ. ಆ ವರ್ಷ ಒಂದು ಪ್ರಶ್ನೆ ಬಂತು: ಈರುಳ್ಳಿ ಪೊರೆಯ ಒಂದು ಕೋಶದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ. ಆರು ಅಂಕ. ಶೇವಂತಿ ತಾನು ಕಂಡದ್ದನ್ನು ಬರೆದಳು. ಕೆಳಗೆ ಒಂದು ಸಾಲನ್ನೂ ಸೇರಿಸಿದಳು: "ಇದರಲ್ಲಿ ಹಸಿರು ಕಣಗಳಿಲ್ಲ, ನಾನು ನೋಡಿದ್ದೇನೆ." ಯಂತ್ರ ಸೊನ್ನೆ ಕೊಟ್ಟಿತು. ನಾಲ್ಕು ಅಂಕಗಳಿಂದ ಅವಳು ಫೇಲಾದಳು. ಅವಳೊಂದಿಗೆ ನೋಡಿದ್ದ ಮೂವರೂ ಹಸಿರು ಬರೆದು ಪಾಸಾದರು.

ಆ ಒಂದು ಸಾಲಿನಿಂದ ವಿಚಾರಣೆಯೂ ಬಂತು. ಪಾಠಗನ್ನಡಿಯಲ್ಲಿ ಇಲ್ಲದ್ದನ್ನು ಕಲಿಸಿದರೆ ಅದು ಹೊರಪಾಠ. ಕಲಿಸಿದವರು ಕೆಲಸ ಬಿಡಬೇಕು, ಕೆಲಸದ ಜೊತೆ ಬಂದ ಮನೆಯನ್ನೂ ಬಿಡಬೇಕು. ಆದರೆ ನಿಯಮದಲ್ಲಿ ಇನ್ನೊಂದು ಮಾತಿತ್ತು. ಕಲಿಸಿದ್ದು ನಿಜವೆಂದು ಪಾಠದ ಜೊತೆಗಾರರು ಬರೆದುಕೊಟ್ಟರೆ ಮಗುವಿನ ಉತ್ತರವನ್ನು ಮನುಷ್ಯರು ಮತ್ತೊಮ್ಮೆ ಓದಬೇಕು. ಮುಖ್ಯಗುರು ನದಾಫ ಸರ್ ನನ್ನನ್ನು ಪಡಸಾಲೆಗೆ ಕರೆದು ಹೇಳಿದರು. "ನೀಲಗಂಗಾ ಅಕ್ಕೋರ, ನೀವ್ ಹೂಂ ಅಂದ್ರ ಹುಡುಗಿ ಉಳೀತಾಳ. ಮುಂದಿಂದು ನಿಮಗ ಬಿಟ್ಟದ್ದು."

ವಿಚಾರಣೆಗೆ ಬಂದ ಅಧಿಕಾರಿ ಮೆದು ಮಾತಿನ ಹೆಂಗಸು. ಮೇಜಿನ ಆಚೆ ಶೇವಂತಿ, ಕಮಲವ್ವ. ಕಮಲವ್ವನ ಮೊಣಕೈಗೆ ಇನ್ನೂ ಹಿಟ್ಟು ಹತ್ತಿತ್ತು.

"ನೀವು ಈ ವಿದ್ಯಾರ್ಥಿನಿಗೆ ಏನಾದರೂ ತೋರಿಸಿದ್ದಿರಾ?"

"ಇಲ್ಲ" ಎಂದೆ. "ಹುಡುಗಿ ಕಲ್ಪಿಸಿಕೊಂಡಿರಬೇಕು."

ಎಷ್ಟು ಸಲೀಸಾಗಿ ಬಂತು ಆ ಮಾತು. ಶೇವಂತಿ ನನ್ನತ್ತ ತಿರುಗಿದಳು. ಸಿಟ್ಟಿನಿಂದಲ್ಲ, ನಾನು ಮರೆತಿರಬೇಕು, ನೆನಪಿಸಿದರೆ ಸಾಕು ಎಂಬಂತೆ. "ಅಕ್ಕೋರ, ಬೆಳಕಿಗೆ ಕನ್ನಡಿ ತಿರುವಿದವ್ರು ನೀವಽ ಅಲ್ರಿ?"

"ಸುಳ್ಳ ಹೇಳೂ ಮಗಳಲ್ರಿ ಆಕಿ" ಎಂದಳು ಕಮಲವ್ವ. ನಾನು ಕಿಟಕಿಯ ಕಡೆ ನೋಡುತ್ತಾ ಕುಳಿತೆ. ಆ ಮೂವರು ಮಕ್ಕಳನ್ನೂ ಕರೆಸಿದರು. ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಏನೂ ನೋಡಿಲ್ಲ ಎಂದರು. ಅವರಿಗೆ ಅದನ್ನೂ ನಾನೇ ಕಲಿಸಿದಂತಾಯಿತು.

ನನಗೆ ಹಸಿದ ಮಕ್ಕಳಿರಲಿಲ್ಲ, ಕಾಯಿಲೆಯ ತಾಯಿ ಇರಲಿಲ್ಲ. ಇದ್ದದ್ದು ಎರಡು ಕೋಣೆಯ ಮನೆ, ನಲ್ಲಿಯಲ್ಲಿ ಸಿಹಿನೀರು, ಸಂಜೆ ಕೂರಲು ಒಂದು ಜಗುಲಿ. ಅಷ್ಟಕ್ಕೇ ಹೇಳಿದ ಸುಳ್ಳು. ಸೂಕ್ಷ್ಮದರ್ಶಕವನ್ನು ಮರುದಿನ ನಾನೇ ಬಿಚ್ಚಿ ಗುಜರಿಗೆ ಹಾಕಿದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಪಾಠವನ್ನು ಒಂದಕ್ಷರವೂ ಮೀರದ ಜೊತೆಗಾರ್ತಿ ಎಂದು ಹೊಗಳಿದರು. ಕೇಳಿಸಿಕೊಂಡು ಕೈಮುಗಿದೆ.

ವಿಚಾರಣೆಯಾಗಿ ಹನ್ನೊಂದು ವರ್ಷ ಕಳೆದ ಮೇಲೆ ಒಮ್ಮೆ ಉಪ್ಪುಬಯಲಿಗೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಶೇವಂತಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಲುವೆ ತೋಡುತ್ತಿದ್ದಳು; ಅಂಗೈ ಬಿರಿದು ಬೆಳ್ಳಗಾಗಿತ್ತು. ಕಮಲವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು ದಂಡೆಗೆ ಬಂದಳು. ನಾನು ಬಾಯಿ ತೆಗೆಯುವ ಮೊದಲೇ ಅವಳೇ ಕೇಳಿದಳು.

"ಅಕ್ಕೋರ, ಒಂದ್ ಮಾತ ಹೇಳ್ರಿ. ನಾ ಆವತ್ತ ನೋಡಿದ್ದು ಖರೇನ ಇತ್ರಿ? ಎಲ್ಲಾರೂ ಇಲ್ಲ ಅಂದ್ರು. ಈಗೀಗ ನನಗೂ ಹಂಗಽ ಅನಸ್ತೈತಿ."

"ಖರೇ ಇತ್ತವ್ವಾ. ನೀ ಬರದದ್ದಽ ಖರೇ."

ಅವಳು ಸಲಿಕೆಯನ್ನು ಎತ್ತಿಕೊಂಡಳು. "ಹಂಗಾದ್ರ ಅಂದಽ ಹೇಳ್ಬೇಕಿತ್ರಿ" ಎಂದು ಮತ್ತೆ ಕೆಸರಿಗೆ ಇಳಿದಳು. ನಾನು ಕರೆದೆ. ಅವಳು ತಿರುಗಿ ನೋಡಲಿಲ್ಲ.

ಅವಳ ಓದನ್ನು ಕಸಿದದ್ದು ಯಂತ್ರ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ತನ್ನ ಕಣ್ಣನ್ನೇ ನಂಬದಂತೆ ಅವಳನ್ನು ಮಾಡಿದವಳು ನಾನು.

ನಿಮ್ಮ ಕಾಲದಲ್ಲಿ ಉತ್ತರಪತ್ರಿಕೆಗಳು ಇನ್ನೂ ಗುರುಗಳ ಮನೆಗೆ ಬರುತ್ತವಂತೆ. ಕಟ್ಟು ಬಿಚ್ಚಿ, ಕನ್ನಡಕ ಏರಿಸಿ, ಕೆಂಪು ಪೆನ್ನಿನಲ್ಲಿ ತಿದ್ದುತ್ತೀರಂತೆ. ಮುಂದೊಂದು ದಿನ ಆ ಪೆನ್ನನ್ನು ಯಂತ್ರಕ್ಕೆ ಕೊಡಿ ಎಂದು ಯಾರಾದರೂ ಕೇಳಲು ಬರಬಹುದು; ನಿಮ್ಮ ಶ್ರಮ ಕಡಿಮೆಯಾಗುತ್ತದೆ ಎನ್ನುತ್ತಾರೆ. ಅದು ಸುಳ್ಳಲ್ಲ, ಶ್ರಮ ಬಹಳ ಕಡಿಮೆಯಾಗುತ್ತದೆ. ದಯವಿಟ್ಟು ಕೊಡಬೇಡಿ.

ಇತಿ,
ನೀಲಗಂಗಾ