ಮಾಲೀಕರನ್ನು ಕೇಳಲಾಗಿದೆ

ಮಾರ್ಚ್ 3, ಸೋಮವಾರ

ಸ್ಕ್ಯಾನ್ ವಾಲ್ಯೂಮ್ 91 ಪರ್ಸೆಂಟ್ ಭರ್ತಿ. ಸೀಟಿನಲ್ಲಿ ಕೂತ ತಕ್ಷಣ ನೋಡೋದು ಅದನ್ನೇ. ಆಸ್ಪತ್ರೆಯ ಫೈಲೆಲ್ಲ ಬಂದು ಬೀಳೋದು ನಮ್ಮ ಒಂದೇ ಸರ್ವರ್‌ಗೆ. ವಿಭಾಗಕ್ಕೊಂದು ವಾಲ್ಯೂಮ್ — ಗೋದಾಮಿಗೆ ಅಡ್ಡಗೋಡೆ ಹಾಕಿ ಕೋಣೆ ಮಾಡಿದ ಹಾಗೆ. ಸ್ಕ್ಯಾನ್‌ನವರ ಕೋಣೆ ತುಂಬಿ ತುಳುಕ್ತಿದೆ. ಹೊಸ ಡಿಸ್ಕ್ ಬರೋಕೆ ಇನ್ನೂ ಹತ್ತು ದಿನ.

ಮ್ಯಾನೇಜರ್ ಬಂದ್ರು. ನಾವಿಟ್ಟ ಹೆಸರು ಪರ್ಸೆಂಟ್ ಸಾರ್. "ಯಾರೂ ಮುಟ್ಟದೇ ಇರೋದೇನಿದೆ ಹುಡುಕಿ ತೆಗೀರಿ. ತೊಂಬತ್ತೈದು ದಾಟಿದ್ರೆ ನನ್ನ ತಲೆ ಹೋಗುತ್ತೆ."

ಪಟ್ಟಿ ಮಾಡಿದೆ. ಹದಿನಾಲ್ಕು ವಾಲ್ಯೂಮ್ ಸಿಕ್ಕಿದವು.

ಮಾರ್ಚ್ 4, ಮಂಗಳವಾರ. ಸಂಜೆ 4

ಹದಿಮೂರರ ಮಾಲೀಕರೂ 'ತೆಗೀರಿ' ಅಂದ್ರು. ಹದಿನಾಲ್ಕನೇದು 'ವಾಯ್ಸ್-2'. ಎಲ್ಲಕ್ಕಿಂತ ದೊಡ್ಡದು. ಹತ್ತೊಂಬತ್ತು ದಿನದಿಂದ ಯಾರೂ ತೆರೆದಿಲ್ಲ. ಸ್ಪೀಚ್ ಥೆರಪಿಸ್ಟ್ ಮೇಡಂ ಹೆಸರಿನಲ್ಲಿದೆ, ಅವರು ರಜೆ. ಒಂದು ಸಲ ಫೋನ್ ಮಾಡಿದೆ. ರಿಂಗ್ ಆಗಿ ಕಟ್ ಆಯ್ತು. ಹಳೇ ಮೀಟಿಂಗ್‌ಗಳ ರೆಕಾರ್ಡಿಂಗ್ ಇರಬೇಕು ಅಂದ್ಕೊಂಡೆ. ಫಾರ್ಮ್‌ನಲ್ಲಿ 'ಮಾಲೀಕರನ್ನು ಕೇಳಲಾಗಿದೆ' ಅಂತ ಒಂದು ಚೌಕ. ಟಿಕ್ ಹಾಕಿದೆ.

3:10ಕ್ಕೆ ಹದಿನಾಲ್ಕೂ ಡಿಲೀಟ್. ಇಪ್ಪತ್ನಾಲ್ಕು ಗಂಟೆ ಕ್ಯೂನಲ್ಲಿರುತ್ತವೆ, ಆಮೇಲೆ ತಾನಾಗಿ ಅಳಿಸಿಹೋಗಿ ಜಾಗ ಸಿಗುತ್ತೆ.

ಇವತ್ತು ಬೇಗ ಮನೆಗೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ 1:35

ಮೇಡಂ ಈಗಷ್ಟೇ ಫೋನ್ ಇಟ್ರು. ರಜೆ ಮುಗಿಸಿ ಒಂದು ಗಂಟೆಗೆ ಡ್ಯೂಟಿಗೆ ಬಂದರಂತೆ.

"ನನ್ನ ಫೋಲ್ಡರ್ ಎಲ್ರೀ?"

"ಯಾವುದು ಮೇಡಂ?" — ಗೊತ್ತಿದ್ದೂ ಕೇಳಿದೆ.

"ಗಂಟಲು ಕ್ಯಾನ್ಸರ್ ಆದೋರ ಧ್ವನಿ. ಧ್ವನಿಪೆಟ್ಟಿಗೆ ತೆಗೆಯೋ ಮುಂಚೆ ರೆಕಾರ್ಡ್ ಮಾಡಿಟ್ಕೋತೀವಿ. ಆಮೇಲೆ ಅವರು ಟೈಪ್ ಮಾಡಿದ್ರೆ ಯಂತ್ರ ಅವರದೇ ಧ್ವನೀಲಿ ಮಾತಾಡುತ್ತೆ. ನಲವತ್ತೊಂದು ಜನ! ಎಲ್ರದ್ದೂ ಆಪರೇಷನ್ ಆಗಿಹೋಗಿದೆ. ಮತ್ತೆ ಕರೆದು ಮಾತಾಡಿ ಅನ್ನೋಕಾಗುತ್ತಾ? ನನ್ನನ್ನೊಂದು ಮಾತು ಕೇಳಬಾರದಿತ್ತಾ?"

ತಕ್ಷಣ ಹುಡುಕೋಕೆ ಕೂತೆ.

ನಕಲು ಇಡೋ ಬ್ಯಾಕಪ್ ಪಟ್ಟಿಯಲ್ಲಿ ಈ ವಾಲ್ಯೂಮ್ ಹೆಸರೇ ಇಲ್ಲ. ಅವರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಕ್ಯೂ ನೋಡಿದೆ. ಇದೆ. ಇನ್ನೂ ಇದೆ. ಒಂದೂವರೆ ಗಂಟೆ —

2:25

ವಾಪಸ್ ತರೋಕೆ ಪರ್ಸೆಂಟ್ ಸಾರ್ ಒಪ್ಪಿಗೆ ಬೇಕು. ಮೀಟಿಂಗ್ ಮುಗಿಸಿ ಈಗ ಬಂದ್ರು, ಬಂದಿದ್ದೇ ಬೇರೆ ಮಾತಿಗೆ. ಸ್ಕ್ಯಾನ್ 97.

"ಮೂರು ಗಂಟೆವರೆಗೆ ಕಾಯೋದು ಬೇಡ, ಕ್ಯೂ ಈಗಲೇ ಖಾಲಿ ಮಾಡಿ. ಸ್ಕ್ಯಾನ್ ನಿಂತ್ರೆ ಎಮರ್ಜೆನ್ಸೀನೇ ನಿಲ್ಲುತ್ತೆ."

"ಸಾರ್, ಅದರಲ್ಲಿ ರೋಗಿಗಳ ಧ್ವನಿ ಇದೆ."

"ಮಾಲೀಕರು ಒಪ್ಪಿದ್ದಾರಲ್ರೀ. ಫಾರ್ಮ್ ನೋಡಿದೀನಿ."

"ಒಪ್ಪಿಲ್ಲ ಸಾರ್. ಕೇಳೇ ಇಲ್ಲ. ಸುಳ್ಳು ಟಿಕ್ ಹಾಕಿದೆ."

ನನ್ನ ಮುಖವನ್ನೇ ನೋಡಿದ್ರು. ಬೈಯುತ್ತಾರೆ ಅಂದ್ಕೊಂಡೆ. ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತ್ರು. "ಮೊದಲು ಅದನ್ನ ಹೊರಗೆ ತೆಗೀರಿ. ಉಳಿದ ಹದಿಮೂರು ಈಗ ಅಳಿಸೋಣ. ಒಂದೊಂದೇ. ಹೆಸರು ಜೋರಾಗಿ ಓದಿ, ನಾನು ಹೂಂ ಅಂದ್ಮೇಲೆ ಒತ್ತಿ."

3:30

2:41ಕ್ಕೆ ವಾಪಸ್ ಬಂತು, ಹೆಸರಿನ ಬಾಲಕ್ಕೆ ಏನೇನೋ ಅಂಕಿ ಅಂಟಿಸ್ಕೊಂಡು. ಹೆಸರು ಸರಿ ಮಾಡಿ ತೆರೆದೆ. ಫೋಲ್ಡರ್ ಎಣಿಸಿದೆ. ನಲವತ್ತು. ಮತ್ತೆ ಎಣಿಸಿದೆ — ನಲವತ್ತೊಂದು. ಕಣ್ಣು ಒಂದನ್ನ ಹಾರಿಸಿತ್ತು.

ಹದಿಮೂರು ಹೆಸರು ಓದಿದೆ. ಹದಿಮೂರು ಹೂಂ. ಅಷ್ಟರಲ್ಲಿ ಸ್ಕ್ಯಾನ್ 99. ಆಮೇಲೆ ಇಳೀತು... 96, 94.

ಮೇಡಂಗೆ ಫೋನ್ ಮಾಡಿದೆ. "ನಲವತ್ತೊಂದೂ ಬಂತು ಮೇಡಂ."

ಮೇಡಂ ಇನ್ನೊಂದ್ಸಲ ಹೇಳಿಸಿದ್ರು. ಆಮೇಲೆ: "ನಲವತ್ತೆರಡನೆಯವರು ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಬಂದಿದ್ರು. ಫೋಲ್ಡರ್ ಇಲ್ಲ ಅಂತ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೀಲಿಲ್ಲ. ನನ್ನ ಬದಲು ಇದ್ದವಳು ಹೊಸಬಳು. 'ಸರ್ವರ್ ಡೌನ್, ಆಪರೇಷನ್ ಆದ್ಮೇಲೆ ಬನ್ನಿ' ಅಂತ ಕಳಿಸಿಬಿಟ್ಟಿದ್ದಾಳೆ."

"ಆಪರೇಷನ್ ಯಾವಾಗ?"

"ಹನ್ನೆರಡೂವರೆಗೆ ಒಳಗೆ ತಗೊಂಡ್ರು."

ಮಾರ್ಚ್ 9, ಭಾನುವಾರ

ಮೂರು ದಿನ ಬರೆದಿಲ್ಲ. ಫಾರ್ಮಿನ ಸುಳ್ಳು ಟಿಕ್ ತೆಗೆದು, ಆಗಿದ್ದು ಆಗಿದ್ದ ಹಾಗೆ ಬರೆದು ಪತ್ರ ಕೊಟ್ಟೆ. ವಿಚಾರಣೆ ಆಯ್ತು. ಡಿಲೀಟ್ ಅಧಿಕಾರ ಮೂರು ತಿಂಗಳು ಇಲ್ಲ. ಸರಿ.

ಅಕ್ಕ ಬಂದಿದ್ಳು. "ಏನೇ ಇದು, ಹರಳೆಣ್ಣೆ ಕುಡಿದೋರ ಹಾಗೆ ಮುಖ?" ಎಲ್ಲ ಹೇಳಿದೆ.

"ಆ ರೋಗಿ ಮನೆಯವರಿಗೆ ಗೊತ್ತಾ?"

"ಸರ್ವರ್ ಕೆಟ್ಟಿತ್ತು ಅಂತ ಗೊತ್ತು."

"ಕೆಟ್ಟಿತ್ತಾ?"

ಅಷ್ಟೇ ಕೇಳಿದ್ಳು. ಕಾಳು ಬಿಡಿಸ್ತಾ ಕೂತ್ಳು.

ಮಾರ್ಚ್ 11, ಮಂಗಳವಾರ

ನಲವತ್ತೆರಡನೆಯವರನ್ನ ನೋಡೋಕೆ ಹೋದೆ. ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ. ಡ್ರೈವಿಂಗ್ ಸ್ಕೂಲ್ ಮೇಷ್ಟ್ರಂತೆ, ಇಪ್ಪತ್ತೆಂಟು ವರ್ಷದಿಂದ. ಕತ್ತಿಗೆ ಪಟ್ಟಿ. ಹೆಂಡತಿ ಬಟ್ಟೆ ಮಡಿಸ್ತಿದ್ರು.

ಒಂದೇ ಉಸಿರಿಗೆ ಹೇಳಿದೆ. ಸರ್ವರ್ ಕೆಟ್ಟಿರಲಿಲ್ಲ, ತೆಗೆದದ್ದು ನಾನು, ಮಾಲೀಕರನ್ನ ಕೇಳದೇನೇ 'ಕೇಳಲಾಗಿದೆ' ಅಂತ ಟಿಕ್ ಹಾಕಿದೆ. ಕ್ಷಮಿಸಿ ಅಂದೆ.

ಹೆಂಡತಿ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. "ಕ್ಷಮಿಸಿ ಅಂದ್ರೆ ಅದನ್ನ ತಗೊಂಡು ನಾನೇನ್ ಮಾಡ್ಲಿ ತಾಯಿ? ಹನ್ನೊಂದು ಗಂಟೇಲಿ ಇವರು ಚೆನ್ನಾಗಿ ಮಾತಾಡ್ತಿದ್ರು. ಬಾಗಿಲಲ್ಲಿ ನಿಂತು ಜಗಳ ಕೂಡ ಆಡಿದ್ರು, ಐದೇ ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ ಅಂತ."

ಮೇಷ್ಟ್ರು ಚಿಟಿಕೆ ಹೊಡೆದು ಕರೆದ್ರು. ನೋಟ್‌ಪ್ಯಾಡ್‌ನಲ್ಲಿ ಬರೆದು ನನ್ನ ಕಡೆ ತಿರುಗಿಸಿದ್ರು: ಕನ್ನಡಿ ನೋಡದೆ ರಿವರ್ಸ್ ಹಾಕಿದ್ರಿ.

ಹೂಂ ಅಂದೆ. ಅವರು ನಗಲಿಲ್ಲ. ಮುಖ ತಿರುಗಿಸಲೂ ಇಲ್ಲ.

ಮೇಡಂ ಅಲ್ಲಿಗೇ ಬಂದ್ರು. ಎಲ್ಲಾದ್ರೂ ಹಳೇ ಧ್ವನಿ ಇದೆಯಾ ಅಂತ ಕೇಳಿದ್ರು, ಮದುವೆ ವಿಡಿಯೋ, ಏನಾದ್ರೂ. ಹೆಂಡತಿ ಟವೆಲ್ ಪಕ್ಕಕ್ಕಿಟ್ಟು ಫೋನ್ ತೆಗೆದ್ರು. "ಇವರಿಗೆ ಟೈಪ್ ಮಾಡೋಕೆ ಸೋಮಾರಿತನ. ಆರು ವರ್ಷದಿಂದ ಎಲ್ಲಾ ವಾಯ್ಸ್ ಮೆಸೇಜೇ. ಒಂದೂ ಅಳಿಸಿಲ್ಲ."

"ಎಷ್ಟಿವೆ?"

"ಎಣಿಸಿಲ್ಲಮ್ಮ."

ಯಂತ್ರಕ್ಕೆ ಅಷ್ಟು ಸಾಕಾಗುತ್ತೋ ಇಲ್ಲವೋ ಮೇಡಂಗೂ ಗೊತ್ತಿಲ್ಲ. ಮೆಸೇಜೆಲ್ಲ ಬೇರ್ಪಡಿಸಿ, ಹಿನ್ನೆಲೆ ಗದ್ದಲ ತೆಗೆದು ಕೊಡೋ ಕೆಲಸ ನಾನು ಮಾಡ್ತೀನಿ ಅಂದೆ.

ಮಾರ್ಚ್ 14, ಶುಕ್ರವಾರ. ಸಂಜೆ 5

ಹೊಸ ಡಿಸ್ಕ್ ಬಂತು. ಮೊದಲ ಕೆಲಸ, ಧ್ವನಿಗಳಿಗೆ ಹೊಸ ವಾಲ್ಯೂಮ್. ಅದಕ್ಕೂ ಮೊದಲು ಬ್ಯಾಕಪ್ ಪಟ್ಟಿಗೆ ಹೆಸರು.

ಮೆಸೇಜು ಒಟ್ಟು ಆರುನೂರ ಹನ್ನೆರಡು. ಮೇಡಂ ರೂಮಲ್ಲಿ ನಾನು, ಆ ಹೆಂಡತಿ ಕೂತು ಒಂದೊಂದೇ ಕೇಳಿದ್ವಿ. ಹಾರ್ನ್ ಸದ್ದಿರೋದು ಬೇರೆ, ಸ್ವಚ್ಛ ಇರೋದು ಬೇರೆ. 'ಕೀ ನನ್ನ ಹತ್ರಾನೇ ಉಳೀತು.' 'ಊಟಕ್ಕೆ ಕಾಯ್ಬೇಡ.' ಆಕೆ ಕೆಲವಕ್ಕೆ ನಕ್ಕರು. ಒಂದಕ್ಕೆ ನನ್ನ ಕೈ ಹಿಡಿದ್ರು, "ಇದು ಬೇಡ." ಒಂದು ಗಳಿಗೆ ಬಿಟ್ಟು, "ಇರ್ಲಿ, ಹಾಕಿ."

'ಏನೇ, ಬಾಗಿಲು ತೆಗಿ. ಅರ್ಧ ಗಂಟೆಯಿಂದ ಮೆಟ್ಟಿಲ ಮೇಲೆ ಕೂತಿದೀನಿ. ಆಯ್ತು, ನಂದೇ ತಪ್ಪು. ಚಳಿ ಆಗ್ತಿದೆ ಕಣೇ...'

ಹಿಂದೆ ಏನೋ ಸದ್ದು. ತಿರುಗಿದರೆ ಮೇಷ್ಟ್ರು. ವಾರ್ಡಿಂದ ನಡ್ಕೊಂಡೇ ಬಂದಿದ್ರು, ಗೋಡೆ ಹಿಡ್ಕೊಂಡು. ಮತ್ತೊಂದ್ಸಲ ಅಂತ ಬೆರಳಲ್ಲಿ ತೋರಿಸಿದ್ರು. ಹಾಕಿದೆ. ಅವರ ತುಟಿ ಆ ಧ್ವನಿ ಜೊತೆ ಆಡ್ತಿತ್ತು. ಒಂದು ಅಕ್ಷರ ಹಿಂದೆ ಬೀಳದೆ. ಹೆಂಡತಿ ಎದ್ದು ಹೋಗಿ ಅವರ ತೋಳು ಹಿಡಿದ್ರು, ನಾನು ಇನ್ನೊಂದ್ಸಲ ಹಾಕೋಣ ಅಂತ ಕೈ ಚಾಚಿದೆ. ಒತ್ತೋ ಮುಂಚೆ 'ಹಾಕ್ಲಾ?' ಅಂತ ಮೇಷ್ಟ್ರನ್ನ ಕೇಳಿದೆ.