ಬೀಗರ ಬಾಯಿಗೆ ಬಿದ್ದ ಲಾಠಿ

ಸೋಮವಾರ, ಬೆಳಿಗ್ಗೆ

ಫೋನೆತ್ತದ ನನ್ನ ಮಗಳಿಗೆ,

ಮುನಿಸನ್ನು ಎಷ್ಟು ದಿನ ಬೇಕಾದರೂ ಇಟ್ಟುಕೋ, ಇದನ್ನು ಹರಿದು ಹಾಕುವ ಮೊದಲು ಓದು. ನನಗೆ ಬರೆಯುವುದೆಂದರೆ ಇಸ್ತ್ರಿಪೆಟ್ಟಿಗೆ ಎತ್ತುವುದಕ್ಕಿಂತ ಭಾರ.

ಹೌದು, ನಿನ್ನ ಮಾವನಾಗಬೇಕಾದವನ ಬಾಯಿಗೆ ಲಾಠಿ ಬೀಸಿದೆ. ಹಲ್ಲು ಸೂಪಿನ ಬಟ್ಟಲಿಗೆ ಬಿತ್ತು. ಎರಡನೇ ಏಟು ಭುಜಕ್ಕೆ. ಮೂರನೆಯದಕ್ಕೆ ನೀನು ಕೈ ಹಿಡಿದೆ, ಇಲ್ಲದಿದ್ದರೆ ತಲೆಯೇ ಒಡೆಯುತ್ತಿತ್ತು. ಮದುವೆ ಮುರಿದುಬಿತ್ತೆಂದು ಅಳುತ್ತಿದ್ದೀಯಂತೆ. ಅಳು. ಯಾಕೆ ಹೊಡೆದೆ ಅನ್ನುವುದನ್ನೂ ತಿಳಿದುಕೊಂಡು ಅಳು.

ಹಳೇ ಕಟ್ಟಡದಲ್ಲಿ ಹೊಸ ಹೋಟೆಲು, ಬೀಗರೇ ಊಟ ಹಾಕಿಸುತ್ತಾರೆ ಅಂದೆಯೇ ಹೊರತು ಅದು ಹಿಂದೆ ಜೈಲಾಗಿತ್ತು ಅನ್ನಲಿಲ್ಲ. ಮುಂಬಾಗಿಲಿಂದ ಕರೆದುಕೊಂಡು ಹೋದರೆ ನನಗೆ ಗುರುತು ಹೇಗೆ ಸಿಗಬೇಕು? ನಾನು ಕಂಡಿದ್ದು ಹಿಂಬಾಗಿಲು ಮಾತ್ರ. ಹೆಣ ಕೊಡುತ್ತಿದ್ದುದು ಅಲ್ಲಿ. ಕೈದಿಗಳ ಕೋಣೆಯಲ್ಲಿ ಮೇಜು ಹಾಕಿ, ಬಡಿಸುವವನಿಗೆ ಖಾಕಿ ತೊಡಿಸಿದ್ದರು. ಊಟ ಇಡುವ ಮುಂಚೆ ಅವನು ಲಾಠಿಯಿಂದ ಸರಳು ಬಡಿದನಲ್ಲ, ಇದು ಅದೇ ಜೈಲೆಂದು ಆಗಲೇ ನನಗೆ ತಿಳಿದದ್ದು. ನೀವೆಲ್ಲ ನಕ್ಕಿರಿ. ನಿನ್ನ ಮಾವ ಅವನಿಗೆ, "ಇನ್ನೂ ಜೋರಾಗಿ ಬಡಿಯಪ್ಪ. ಇಲ್ಲಿದ್ದೋರೆಲ್ಲ ಕಳ್ಳನನ್ಮಕ್ಳು, ಏಟು ತಿಂದ್ರೇನೇ ಅವರಿಗೆ ಅನ್ನ ಸೇರ್ತಿದ್ದಿದ್ದು," ಅಂದ. ಲಾಠಿ ನನ್ನ ಕೈಗೆ ಯಾವಾಗ ಬಂತೋ ಗೊತ್ತಿಲ್ಲ.

ನಿನ್ನ ಅಪ್ಪ ಜ್ವರ ಬಂದು ಸತ್ತ ಎಂದು ಹೇಳಿ ನಿನ್ನನ್ನು ಬೆಳೆಸಿದೆ. ಜ್ವರವೂ ಇಲ್ಲ, ಮಣ್ಣೂ ಇಲ್ಲ. ಆ ಜೈಲಿನಲ್ಲೇ ಬಡಿದು ಕೊಂದರು. ಗೋಣಿಯಲ್ಲಿ ಸುತ್ತಿ ಕೊಟ್ಟಾಗ ಮುಖ ಗುರುತು ಸಿಗಲಿಲ್ಲ. ಅಂಗಿಗೆ ನಾನು ಹಾಕಿದ್ದ ತೇಪೆ ನೋಡಿ ಹೌದೆಂದೆ. ನೀನಾಗ ಹೊಟ್ಟೆಯಲ್ಲಿದ್ದೆ. ಏನೂ ಮಾಡದವನನ್ನು ಯಾರದೋ ಚಾಡಿ ಕೇಳಿ ಹಿಡಿದುಕೊಂಡು ಹೋಗಿದ್ದರು.

ಕ್ಷಮೆ ಕೇಳಿದರೆ ಮದುವೆ ಉಳಿಯುತ್ತದೆಂದು ಬೀಗಿತ್ತಿ ಹೇಳಿಕಳಿಸಿದ್ದಾಳೆ. ಹಲ್ಲಿಗೆ ಕೇಳುತ್ತೇನೆ. ಏಟಿಗೆ ಕೇಳುವುದಿಲ್ಲ.

ಅಳುತ್ತಾ ಊಟ ಬಿಟ್ಟೀಯ ಮತ್ತೆ.

ನಿನ್ನ
ಅಮ್ಮ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿನ್ನ ಅಪ್ಪ ಕದ್ದಿದ್ದು ನಿಜ. ಗಿರಣಿಯ ಗೋದಾಮಿನಿಂದ ಬಟ್ಟೆ ಹೊತ್ತುಕೊಂಡು ಹೋಗಿ ಮಾರಿದ. ಹೊಟ್ಟೆಗಿಲ್ಲದೆ ಅಲ್ಲ, ಕೈಗೊಂದು ಗಡಿಯಾರ ಬೇಕೆಂಬ ಆಸೆಗೆ. ಕಳ್ಳನೇ. ಆದರೂ ಕಳ್ಳನ ಮುಖ ಹಾಗೆ ಮಾಡುತ್ತಾರೇನೇ? ಮದುವೆಯಾಗುವ ಹುಡುಗನಿಗೆ ಇದನ್ನೂ ಓದಿ ಹೇಳು. ಕೇಳಿದ ಮೇಲೂ ಅವನು ನಿನ್ನ ಕೈ ಬಿಡದಿದ್ದರೆ, ಬಂದು ಅವನಪ್ಪನ ಕಾಲು ಹಿಡಿಯುತ್ತೇನೆ.