ಪೇಪರ್ ಕೋಣೆಗೆ ಬೀಳದ ಓಟು

ಪ್ರೀತಿಯ ದೊಡ್ಡಪ್ಪನಿಗೆ,

ಪೇಪರಿನಲ್ಲಿ ನೀವು ಮೊದಲು ಬಿಡಿಸುವುದು ಆಟದ ಪುಟವಲ್ಲವೇ, ಅದಕ್ಕೇ ಈ ಕಾಗದವನ್ನು ಅಲ್ಲಿಟ್ಟಿದ್ದೇನೆ. ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಸೋಮವಾರದಿಂದ ಲೈಬ್ರರಿಯಲ್ಲಿ ಪೇಪರ್ ಕೋಣೆ ಇರುವುದಿಲ್ಲ, ಅಲ್ಲಿಗೆ ಕಂಪ್ಯೂಟರ್‌ಗಳು ಬರುತ್ತವೆ. ನಿಮ್ಮ ಕುರ್ಚಿಯ ದಿಂಬು, ಕಿಟಕಿಯಲ್ಲಿಟ್ಟ ಭೂತಗನ್ನಡಿ ಎರಡನ್ನೂ ಇವತ್ತೇ ಒಯ್ಯಿರಿ. ಟೈಲರ್ ಅಜ್ಜನಿಗೂ ನೀವೇ ತಿಳಿಸಿ. ಅವರಿಗೆ ಕಿವಿ ಮಂದ, ನಾನು ಹೇಳಹೊರಟರೆ ಕೋಣೆಗೆಲ್ಲ ಕೇಳುತ್ತದೆ.

ನಮ್ಮ ಲೈಬ್ರರಿ ಸಾಹೇಬರ ಮೇಲೆ ಸಿಟ್ಟಾಗಬೇಡಿ. ಸೋಷಿಯಲ್ ಮೀಡಿಯಾದಲ್ಲಿ ಲೈಬ್ರರಿಗೊಂದು ಪುಟ ತೆರೆದವಳು ನಾನು. ಫೋಟೊ ಹಾಕಿ, ಲೈಕು ಬಂದಾಗ ಹಿಗ್ಗಿದವಳೂ ನಾನೇ. ಹೋದ ತಿಂಗಳು ಅಲ್ಲೇ, ನಿಮಗೆ ಯಾವ ಕೋಣೆ ಬೇಕು ಎಂದು ಓಟು ಕೇಳಿದೆ. ಪೇಪರ್ ಕೋಣೆಗೆ ಒಂದೂ ಬೀಳಲಿಲ್ಲ. ಅಲ್ಲಿ ಕೂರುವ ಯಾರ ಹತ್ತಿರವೂ ಅಂಥ ಫೋನಿಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ, ಸಾಹೇಬರು ಆ ಫಲಿತಾಂಶವನ್ನು ಸಭೆಯಲ್ಲಿ ತೋರಿಸಿ ಬಂದಿದ್ದರು. ಹೋಗಿ ಹೇಳಿದೆ. "ಕೇಳಿದ್ದು ನೀವೇ ಅಲ್ವೇನ್ರೀ?" ಅಂದರು.

ಇನ್ನು ಬೆಳಿಗ್ಗೆ ಹೊತ್ತು ನಮ್ಮ ಮನೆಗೆ ಬನ್ನಿ. ಕೀ ಪಕ್ಕದ ಮನೆಯಲ್ಲಿರುತ್ತದೆ. ಪೇಪರ್ ತರಿಸುತ್ತೇನೆ, ಆದರೆ ಮಾತಿಗೆ ಯಾರೂ ಇರುವುದಿಲ್ಲ.

ಆ ಪ್ರಶ್ನೆ ಟೈಪ್ ಮಾಡುವಾಗ ನೀವು ನನ್ನ ಮೇಜಿನ ಎದುರೇ ಕೂತಿದ್ದಿರಿ. ಏನದು ಎಂದು ವಿಚಾರಿಸಿದಿರಿ. "ಜನಕ್ಕೆ ಏನು ಬೇಕು ಅಂತ ಕೇಳ್ತಿದ್ದೀನಿ ದೊಡ್ಡಪ್ಪ" ಅಂದೆ.

"ಒಳ್ಳೇದು ಮಾಡ್ದೆ ಬಿಡು, ನಮ್ಮನ್ನೆಲ್ಲ ಯಾರಮ್ಮ ಕೇಳ್ತಾರೆ" ಎಂದು ನೀವು ಪುಟ ತಿರುವಿದಿರಿ.

ನಿಮ್ಮ
ಪುಟ್ಟಿ